ಊರು ಬಿಟ್ಟು ಹೋದ ಮಟ್ಟುಗಳು

ಕಳೆದ ಆಷಾಢದಲ್ಲಿ ನಾವು, ಎಂದರೆ ನಾನೂ ನನ್ನ ಹೆಂಡತಿಯೂ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿದ್ದೆವು. ಮಗಳೂ ಅಳಿಯನೂ ಅಲ್ಲಿ ನೆಲೆಸಿ ಆರು ವರ್ಷಗಳಾದುವು. "ಆಷಾಢದಲ್ಲಿ ಸೊಸೆಯನ್ನು ತವರಿಗೆ ಕಳುಹಿಸುವುದುಂಟು, ಅತ್ತೆ ಮಾವಂದಿರೇ ಹೊರಟು ಅಳಿಯನ ಮನೆ ಸೇರುವುದನ್ನು ಎಲ್ಲಿ ಕಂಡಿದ್ದೀರಿ?" ಎಂದು ಬೆಂಗಳೂರಿನ ನೆರೆಯವರು ಹಾಸ್ಯ ಮಾಡಿದ್ದರು. ಹಾಸ್ಯವನ್ನು ಸಹಿಸಿಕೊಂಡು ಬಂದದ್ದು ಒಳ್ಳೆಯದೇ ಆಯಿತು.

ಒಂದು ಸಂಜೆ ಹೊರಗೆ ಸಣ್ಣನೆಯ ಮಳೆ ಹನಿಯುತ್ತಿದ್ದಿತು. ರಾತ್ರಿ ಒಂಬತ್ತು ಗಂಟೆಯಾದರೂ ಹೊತ್ತು ಮುಳುಗಿರಲಿಲ್ಲ. ಹೊತ್ತು ಮುಳುಗದೆ ದೇವರ ಮುಂದೆ ದೀಪ ಹಚ್ಚುವುದು ಹೇಗೆಂಬ ಚಿಂತೆ ನನ್ನ ಹೆಂಡತಿಗೆ. ಮಗಳು ಮೂಲೆಯಲ್ಲಿದ್ದ ಪುಟ್ಟ ಪೆಟ್ಟಿಗೆಯಿಂದ ಒಂದು ಹಾಡನ್ನು ಹಾಕಿದಳು. ಮೊದಲು ಹಾರ್ಪ್ ವಾದ್ಯದ ತಂತಿಗಳ ಮಿಡಿತ. ಅದರ ಹಿಂದೆ ತಂಬೂರಿಯಂತೆ ಎಡೆಬಿಡದೆ ಮೊರೆಯುವ ಶ್ರುತಿ. ಅದರ ಮೇಲೆ ತೆಳ್ಳಗೆ, ಎತ್ತರದಲ್ಲಿ, ಒಬ್ಬ ಹೆಂಗಸಿನ ಕಂಠ. ನಡುನಡುವೆ ಅರಬರ ಊದ್ ವಾದ್ಯವೂ ದನಿಗೂಡಿಸುತ್ತಿದ್ದಿತು. ನನ್ನ ಹೆಂಡತಿ ಹತ್ತಿಯ ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿ, "ಇದು ಇಂಗ್ಲಿಷರದೋ ಅರಬರದೋ?" ಎಂದು ಕೇಳಿದಳು. ಅದಕ್ಕೆ ಉತ್ತರ ಹುಡುಕುತ್ತ ಹೋದುದೇ ಈ ಪ್ರವಾಸದ ಕಥೆ.

ಹಾಡುತ್ತಿದ್ದವರು ಲೊರೀನಾ ಮೆಕೆನಿಟ್. ಅವರು ಹುಟ್ಟಿದ್ದು 1957 ರಲ್ಲಿ, ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತದ ಮಾರ್ಡನ್ ಎಂಬ ಸಣ್ಣ ಊರಿನಲ್ಲಿ. ಪೂರ್ವಿಕರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಿಂದ ವಲಸೆ ಹೋದವರು. ಆರಂಭದ ದಿನಗಳಲ್ಲಿ ಟೊರಾಂಟೋ ನಗರದ ಮಾರುಕಟ್ಟೆಯೊಂದರ ಬಳಿ ಹಾರ್ಪ್ ಹಿಡಿದು ಬೀದಿಯಲ್ಲಿ ಹಾಡಿ ಹಣ ಕೂಡಿಸಿದರು. 1985 ರಲ್ಲಿ ತಮ್ಮ ಮೊದಲ ಧ್ವನಿಮುದ್ರಿಕೆಯನ್ನು ತಾವೇ ಹೊರತಂದರು. 1991 ರಲ್ಲಿ ವೆನಿಸ್ ನಗರದಲ್ಲಿ ಪ್ರಾಚೀನ ಕೆಲ್ಟ್ ಜನರ ಒಡವೆ, ಆಯುಧ, ಪಾತ್ರೆಗಳ ದೊಡ್ಡ ಪ್ರದರ್ಶನವೊಂದು ನಡೆಯಿತು. ಕೆಲ್ಟರೆಂದರೆ ಐರ್ಲೆಂಡ್, ಸ್ಕಾಟ್ಲೆಂಡುಗಳ ಮೂಲೆಯ ಜನರೆಂದು ತಿಳಿದಿದ್ದ ಮೆಕೆನಿಟ್ಟರಿಗೆ, ಅವರ ಗುರುತುಗಳು ಮಧ್ಯ ಯೂರೋಪಿನುದ್ದಕ್ಕೂ ಹರಡಿ ಇಂದಿನ ತುರ್ಕಿಯವರೆಗೆ ಹೋಗಿವೆಯೆಂದು ಅಲ್ಲಿ ಮನವರಿಕೆಯಾಯಿತಂತೆ. ಅಂದಿನಿಂದ ಅವರು ಹಾದಿ ಹಿಡಿದರು. ಸ್ಪೇನ್, ಮೊರೊಕ್ಕೊ, ಇಟಲಿ, ತುರ್ಕಿ. 1995 ರಲ್ಲಿ ಸೈಬೀರಿಯವನ್ನು ದಾಟುವ ರೈಲಿನಲ್ಲಿ ದೀರ್ಘ ಪ್ರಯಾಣ. 1994 ರ 'ದ ಮಾಸ್ಕ್ ಅಂಡ್ ಮಿರರ್', 1997 ರ 'ದ ಬುಕ್ ಆಫ್ ಸೀಕ್ರೆಟ್ಸ್' ಎಂಬ ಮುದ್ರಿಕೆಗಳು ಈ ಅಲೆದಾಟದ ಫಲ. 2006 ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ, ಮೂರ್ ಅರಸರ ಅಲ್‌ಹಂಬ್ರಾ ಕೋಟೆಯ ಆವರಣದಲ್ಲಿಯೇ ಕಚೇರಿ ನಡೆಸಿದರು. ಇತರರು ಪ್ರವಾಸ ಕಥನವನ್ನು ಲೇಖನಿಯಿಂದ ಬರೆದರೆ ಇವರು ಸ್ವರದಿಂದ ಬರೆಯುತ್ತಾರೆ.

"ಮಾವ, ಇದೆಲ್ಲ ಧ್ವನಿಮುದ್ರಣ ಶಾಲೆಯಲ್ಲಿ ಸಿದ್ಧವಾದ ಪ್ರಾಚೀನತೆ" ಎಂದ ನಮ್ಮ ಅಳಿಯ. ಅವನಿಗೆ ಎಲ್ಲದರಲ್ಲಿಯೂ ಅಸಲು ನಕಲಿಗಳ ವಿಚಾರ. "ನಿಜವಾದುದನ್ನು ಕೇಳಬೇಕಾದರೆ ಪಶ್ಚಿಮಕ್ಕೆ, ಕ್ಲೇರ್ ಜಿಲ್ಲೆಗೆ ಹೋಗಬೇಕು. ಅಲ್ಲಿ ಅಡುಗೆಮನೆಯಲ್ಲಿ ಹುಟ್ಟಿದ ಸಂಗೀತವಿದೆ." ಮಗಳು ಇದನ್ನು ಒಪ್ಪಲಿಲ್ಲ. ವಾದ ಬೆಳೆಯಿತು. ಕೊನೆಗೆ ನಾವಿಬ್ಬರು ಮುದುಕರೇ ಹೋಗಿ ತೀರ್ಪು ಹೇಳಬೇಕೆಂದು ನಿರ್ಧಾರವಾಯಿತು.

ಡಬ್ಲಿನ್ನಿನಿಂದ ಎನಿಸ್ ಪಟ್ಟಣದವರೆಗೆ ರೈಲು. ಅಲ್ಲಿಂದ ಮುಂದೆ ಬಸ್ಸು. ಹಿಂದೆ ಎನಿಸ್‌ನಿಂದ ಕಡಲತಡಿಗೆ ಒಂದು ಪುಟ್ಟ ರೈಲು ಓಡುತ್ತಿದ್ದಿತಂತೆ. ಅದರ ವಿಳಂಬದಿಂದ ತನ್ನ ಕಚೇರಿ ಕೆಟ್ಟಿತೆಂದು ಪರ್ಸಿ ಫ್ರೆಂಚ್ ಎಂಬ ಹಾಸ್ಯಗಾಯಕ ದಾವೆ ಹೂಡಿ 10 ಪೌಂಡು ಪರಿಹಾರ ಗಳಿಸಿದ. ಸಾಲದೆಂದು ಅದರ ಮೇಲೆ ಒಂದು ಹಾಡನ್ನೂ ಕಟ್ಟಿದ. 1961 ರಲ್ಲಿ ರೈಲು ನಿಂತುಹೋಯಿತು. ಹಾಡು ನಿಲ್ಲಲಿಲ್ಲ.

ಬಸ್ಸಿನ ಕಿಟಕಿಯಿಂದ ಕಂಡ ದೇಶ ವಿಚಿತ್ರವಾದುದು. ಎತ್ತ ನೋಡಿದರೂ ಗಾರೆಯಿಲ್ಲದೆ ಒಂದರ ಮೇಲೊಂದು ಕಲ್ಲಿಟ್ಟು ಕಟ್ಟಿದ ಮೋಟುಗೋಡೆಗಳು. ಅವುಗಳ ನಡುವೆ ಅಂಗೈಯಗಲದ ಹುಲ್ಲುಗಾವಲು. ಉತ್ತರಕ್ಕೆ ಬರೆನ್ ಎಂಬ ಸುಣ್ಣಕಲ್ಲಿನ ಬಂಜರು. ಬೂದುಬಣ್ಣದ ಬಂಡೆ ಮೈಲಿಗಟ್ಟಲೆ ಹಾಸಿಕೊಂಡಿದೆ. ಮೊಹೆರ್ ಎಂಬಲ್ಲಿ ನೆಲವು ಒಮ್ಮೆಲೇ ಮುಗಿದು 700 ಅಡಿ ಕೆಳಗೆ ಅಟ್ಲಾಂಟಿಕ್ ಸಮುದ್ರ ಬಡಿಯುತ್ತದೆ. ಪ್ರವಾಸಿಗರ ಜಾತ್ರೆಯೇ ಅಲ್ಲಿತ್ತು. ಅದರ ವರ್ಣನೆ ಎಲ್ಲ ಕೈಪಿಡಿಗಳಲ್ಲಿಯೂ ಇರುವುದರಿಂದ ನಾನು ಮಾಡುವುದಿಲ್ಲ. ಕೆಳಗೆ ಕುದಿಯುವ ನೀರನ್ನು ಕಂಡು ನನ್ನ ಹೆಂಡತಿಗೆ ಮಾತ್ರ, ಶಾಲೆಯಲ್ಲಿ ಓದಿದ ಬಿ.ಎಂ.ಶ್ರೀ.ಯವರ 'ಕಾರಿಹೆಗ್ಗಡೆಯ ಮಗಳು' ನೆನಪಾಯಿತು. ಆ ಕಥೆಯ ಮೂಲ ಸ್ಕಾಟ್ಲೆಂಡಿನ ಪಶ್ಚಿಮದ ಕಡಲಿನದು. ಅಲ್ಲಿಯವರ ಗೇಲಿಕ್ ಭಾಷೆ ಐರಿಷ್ ಭಾಷೆಯ ಒಡಹುಟ್ಟು. ಆದ್ದರಿಂದ ನೆನಪು ತೀರ ದೂರ ಹೋಗಿರಲಿಲ್ಲ.

ಡೂಲಿನ್ ಎಂಬ ಹಳ್ಳಿಯಲ್ಲಿ ಇಳಿದೆವು. ಒಂದು ಬೀದಿ, ಕೆಲವು ಬಣ್ಣದ ಮನೆಗಳು, ಆರನ್ ದ್ವೀಪಗಳಿಗೆ ದೋಣಿ ಹೊರಡುವ ಕಟ್ಟೆ. ಸಂಗೀತ ಕೇಳಬೇಕಾದರೆ ಪಾನಗೃಹಕ್ಕೆ ಹೋಗಬೇಕೆಂದು ಅಲ್ಲಿ ತಿಳಿಯಿತು. ಇಲ್ಲಿ ಸ್ವಲ್ಪ ಪೇಚಿಗಿಟ್ಟುಕೊಂಡಿತು. ಅರವತ್ತೈದು ವರ್ಷ ಅಂಥ ಬಾಗಿಲನ್ನು ದಾಟದೆ ಕಾಪಾಡಿಕೊಂಡು ಬಂದ ಮರ್ಯಾದೆಯನ್ನು ಪರದೇಶದಲ್ಲಿ ಕಳೆದುಕೊಳ್ಳುವುದೇ? "ಮದುವೆಗೆ ಹೋದವರೆಲ್ಲ ಮದುಮಕ್ಕಳಾಗುತ್ತಾರೆಯೇ? ಬನ್ನಿ" ಎಂದು ನನ್ನ ಹೆಂಡತಿ ಸೆರಗು ಹೊದೆದು ಮುಂದೆ ನಡೆದಳು. ಒಳಗೆ ನೋಡಿದರೆ ಅಜ್ಜಂದಿರು, ಅಜ್ಜಿಯರು, ತೊಟ್ಟಿಲು ಬಂಡಿಯಲ್ಲಿ ಕೂಸು, ಕಾಲಬಳಿ ಮಲಗಿದ ನಾಯಿ. ಒಲೆಯಲ್ಲಿ ಜೌಗುನೆಲದಿಂದ ಕಡಿದ ಹುಲ್ಲುಮಣ್ಣಿನ ಹೆಂಟೆ ಉರಿಯುತ್ತಿದ್ದಿತು; ಹಳ್ಳಿಯ ಬಚ್ಚಲ ಒಲೆಯ ಹೊಗೆಯ ವಾಸನೆ. ನಮಗೆ ಚಹವೂ ಬೆಣ್ಣೆ ಸವರಿದ ಬ್ರೆಡ್ಡೂ ದೊರೆತುವು. ಯಾರೂ ನಮ್ಮ ಲೋಟದ ಕಡೆ ನೋಡಲಿಲ್ಲ.

ಅಲ್ಲಿ ವೇದಿಕೆ ಎಂಬುದಿಲ್ಲ. ಮೂಲೆಯ ಮೇಜಿನ ಸುತ್ತ ಏಳೆಂಟು ಜನ ಒಬ್ಬರಿಗೊಬ್ಬರು ಮುಖ ಮಾಡಿ, ಕೇಳುವವರಿಗೆ ಬೆನ್ನು ಹಾಕಿ ಕುಳಿತಿದ್ದರು. ಒಬ್ಬರು ಎತ್ತಿಕೊಂಡ ಮಟ್ಟನ್ನು ತಿಳಿದವರೆಲ್ಲ ಕೂಡಿಕೊಳ್ಳುತ್ತಾರೆ, ತಿಳಿಯದವರು ಸುಮ್ಮನಿರುತ್ತಾರೆ. ಅದನ್ನು ಎರಡು ಮೂರು ಸಲ ನುಡಿಸಿ, ಉಸಿರು ಬಿಡದೆ ಮತ್ತೊಂದಕ್ಕೆ ಜಾರುತ್ತಾರೆ. ಯಾರದು, ಯಾವುದು ಎಂದು ಹೇಳುವವರಿಲ್ಲ. ಚಪ್ಪಾಳೆಗಾಗಿ ಕಾಯುವವರೂ ಇಲ್ಲ. ಜಿಗ್ ಎಂಬುದು ನಮ್ಮ ತಿಶ್ರನಡೆ. ರೀಲ್ ಎಂಬುದು ಚತುರಶ್ರ. ಸ್ವರವನ್ನು ಬರಿದಾಗಿ ಬಿಡದೆ ಅದರ ಮೇಲೂ ಕೆಳಗೂ ಮಿಂಚಿನಂತೆ ಸುಳಿದು ಬರುವ ಅಲಂಕಾರಗಳಿವೆ. ನಮ್ಮ ಗಮಕದಷ್ಟು ಆಳವಲ್ಲವಾದರೂ ಅದರ ಚಿಕ್ಕಪ್ಪನ ಮಕ್ಕಳೆನ್ನಬಹುದು.

ವಾದ್ಯಗಳಲ್ಲಿ ಒಂದು ತಗಡಿನ ಕೊಳಲು. ಒಂದು ಮರದ ಕೊಳಲು. ಎರಡು ಕೈಗಳ ನಡುವೆ ಹಿಗ್ಗಿಸಿ ಕುಗ್ಗಿಸುವ, ಹಾರ್ಮೋನಿಯಮ್ಮಿನ ಮರಿಯಂಥ ಕಾನ್ಸರ್ಟಿನಾ. ಆಡಿನ ತೊಗಲು ಬಿಗಿದ ತಮಟೆಯಂಥ ಬೌರಾನ್. ಮೂರು ಪಿಟೀಲುಗಳು. ಇಲ್ಲಿಯವರೂ ವಯೊಲಿನ್ ಎನ್ನುವುದಿಲ್ಲ, ಫಿಡಲ್ ಎನ್ನುತ್ತಾರೆ. ನಮ್ಮ ಪಿಟೀಲು ಎಂಬ ಶಬ್ದ ಆ ಫಿಡಲ್ಲಿನಿಂದ ಬಂದುದಲ್ಲವೇ? ಪಿಟೀಲು ಚೌಡಯ್ಯನವರ ನಾಡಿನವರಾದ ನಾವು ಅದನ್ನು ನಮ್ಮದೆಂದೇ ತಿಳಿದು ಎಷ್ಟೋ ಕಾಲವಾಯಿತು.

ಎಲ್ಲಕ್ಕಿಂತ ನನ್ನನ್ನು ಸೆರೆಹಿಡಿದುದು ಇಲನ್ ಪೈಪ್ ಎಂಬ ವಾದ್ಯ. ಸ್ಕಾಟ್ಲೆಂಡಿನ ಸೈನಿಕರು ನಿಂತು ಊದುವ ಚೀಲದ ವಾದ್ಯವನ್ನು ಓದುಗರು ಚಿತ್ರಗಳಲ್ಲಿ ಕಂಡಿರಬಹುದು. ಇದು ಅದರ ಗೃಹಸ್ಥ ತಮ್ಮ. ಬಾಯಿಂದ ಊದುವುದಿಲ್ಲ, ಬಲಮೊಳಕೈಯ ಕೆಳಗೆ ಕಮ್ಮಾರನ ತಿದಿಯಂಥ ಪುಟ್ಟ ತಿದಿ, ಎಡಮೊಳಕೈಯ ಕೆಳಗೆ ಗಾಳಿಚೀಲ, ತೊಡೆಯ ಮೇಲೆ ಸ್ವರದ ಕೊಳವೆ, ಅಡ್ಡಲಾಗಿ ಶ್ರುತಿಯ ಕೊಳವೆಗಳು. ಇಲನ್ ಎಂದರೆ ಐರಿಷ್ ಭಾಷೆಯಲ್ಲಿ ಮೊಳಕೈ. ಕುಳಿತೇ ನುಡಿಸಬೇಕು. ನಗುತ್ತಲೂ ಇರುವ, ಬಿಕ್ಕುತ್ತಲೂ ಇರುವ ನಾದ ಅದರದು. 1968 ರಲ್ಲಿ ವಾದಕರೆಲ್ಲ ಸೇರಿ ಸಂಘ ಕಟ್ಟಿಕೊಂಡಾಗ ಇದನ್ನು ಬಲ್ಲವರು ನೂರು ಜನ ಕೂಡ ಉಳಿದಿರಲಿಲ್ಲ. 2017 ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಮೇಜಿನಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಕುಳಿತಿದ್ದರು. ಎಪ್ಪತ್ತೆಂಟು ವರ್ಷ, ಕೆಂಪು ಮುಖ, ದಪ್ಪ ಕನ್ನಡಕ. ಅಳಿಯ ಹೇಳಿದ ಅಸಲು ನಕಲಿಯ ಪ್ರಶ್ನೆಯನ್ನು ನಾನು ಅವರ ಮುಂದಿಟ್ಟೆ. ಮೇಷ್ಟರು ನಕ್ಕರು.

"ಕೆಲ್ಟಿಕ್ ಎಂಬ ಹೆಸರನ್ನು ನಮ್ಮ ಅಜ್ಜ ಕೇಳಿಯೂ ಇರಲಿಲ್ಲ" ಎಂದರು. "ಕೆಲ್ಟರೆಂಬುದು ಗ್ರೀಕರು ತಮ್ಮ ಉತ್ತರದ ನೆರೆಯವರಿಗೆ ಇಟ್ಟ ಹೆಸರು. 1707 ರಲ್ಲಿ ಎಡ್ವರ್ಡ್ ಲ್ವಿಡ್ ಎಂಬ ವೇಲ್ಸಿನ ಪಂಡಿತ, ನಮ್ಮ ಭಾಷೆಗೂ ವೇಲ್ಸಿನವರ, ಬ್ರಿಟನಿಯವರ ಭಾಷೆಗಳಿಗೂ ನೆಂಟಸ್ತಿಕೆಯನ್ನು ತೋರಿಸಿದ ಮೇಲೆ ಆ ಹೆಸರು ನಮ್ಮ ತಲೆಗೂ ಬಂದಿತು. ಸಂಗೀತಕ್ಕೆ ಅಂಟಿಸಿದ್ದಂತೂ ನಿನ್ನೆ ಮೊನ್ನೆ, ಮುದ್ರಿಕೆ ಮಾರುವವರು. ನಮಗೆ ಇದು ಬರಿಯ ಸಂಗೀತ."

"ಹಾಗಾದರೆ ಇದೇ ನೆಲದಲ್ಲಿ ಹುಟ್ಟಿ ಬೆಳೆದುದೇ?"

"ಹುಟ್ಟಿದ್ದು ಎಲ್ಲಿಯೋ ಯಾರಿಗೆ ಗೊತ್ತು? ಇದು ಒಂದೆಡೆ ಕುಳಿತದ್ದೇ ಇಲ್ಲ."

ಅಂದು ರಾತ್ರಿ ಅವರು ಹೇಳಿದ ಸಂಗತಿಗಳಿಗೆ ಆಮೇಲೆ ಪುಸ್ತಕಗಳಿಂದ ಇನ್ನಷ್ಟು ಕೂಡಿಸಿಕೊಂಡು ಇಲ್ಲಿ ಬರೆಯುತ್ತೇನೆ. ಟರ್ಲೋ ಓ'ಕ್ಯಾರೊಲನ್ (1670–1738) ಎಂಬ ಹಾರ್ಪ್ ವಾದಕನಿಗೆ ಹದಿನೆಂಟನೆಯ ವಯಸ್ಸಿನಲ್ಲಿ ಸಿಡುಬಿನಿಂದ ಕಣ್ಣು ಹೋಯಿತು. ದಯಾಳುವಾದ ಒಬ್ಬ ಶ್ರೀಮಂತ ಮಹಿಳೆ ಅವನಿಗೆ ಹಾರ್ಪ್ ಕಲಿಸಿ, ಒಂದು ಕುದುರೆಯನ್ನೂ ದಾರಿ ತೋರಿಸುವ ಆಳನ್ನೂ ಕೊಟ್ಟಳು. ನಲವತ್ತೈದು ವರ್ಷಗಳ ಕಾಲ ಆತ ಮನೆಯಿಂದ ಮನೆಗೆ ತಿರುಗಿ ಆತಿಥ್ಯ ನೀಡಿದವರ ಹೆಸರಿನಲ್ಲಿ ಮಟ್ಟುಗಳನ್ನು ಕಟ್ಟಿದ. ಇನ್ನೂರಕ್ಕೂ ಹೆಚ್ಚು ಉಳಿದಿವೆ. ಅವುಗಳಲ್ಲಿ ಕೆಲವಕ್ಕೆ ಇಟಲಿಯ ಅಂದಿನ ಸಂಗೀತದ ಘಮವಿದೆ. 1792 ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಉಳಿದ ಹಾರ್ಪ್ ವಾದಕರನ್ನೆಲ್ಲ ಕೂಡಿಸಿದಾಗ ಬಂದವರು ಹತ್ತೇ ಜನ ಐರಿಷರು, ಬಹುಮಂದಿ ಕುರುಡರು, ಹಿರಿಯನಾದ ಡೆನಿಸ್ ಹೆಂಪ್ಸನ್ನನಿಗೆ ತೊಂಬತ್ತೇಳು ವರ್ಷ, ಹಳೆಯ ಪದ್ಧತಿಯಂತೆ ಉದ್ದನೆಯ ಉಗುರುಗಳಿಂದ ಮಿಡಿಯುತ್ತಿದ್ದವನು. ಅವರ ಮಟ್ಟುಗಳನ್ನು ಕಾಗದಕ್ಕಿಳಿಸಲು ನೇಮಕವಾದವನು ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತರ ಹುಡುಗ. ಹಾರ್ಪಿನ ಆ ಹಳೆಯ ಪರಂಪರೆ ಅವರೊಂದಿಗೆ ಮುಗಿಯಿತು. ಬಂಟಿಂಗನ ಕಾಗದಗಳು ಮಾತ್ರ ಉಳಿದುವು.

ಆಮೇಲೆ ಬಂದದ್ದು ಮಹಾಕ್ಷಾಮ. 1845 ರಿಂದ ಆಲೂಗಡ್ಡೆಯ ಬೆಳೆ ವರ್ಷ ವರ್ಷವೂ ಕೊಳೆಯಿತು. ಬಡವರಿಗೆ ಬೇರೆ ಅನ್ನವಿರಲಿಲ್ಲ. ಹತ್ತು ಲಕ್ಷದಷ್ಟು ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಈ ಕ್ಲೇರ್ ಜಿಲ್ಲೆಯಲ್ಲಿ 1841 ರಲ್ಲಿ 2,86,000 ಜನರಿದ್ದರು. ಹತ್ತು ವರ್ಷಗಳ ಮೇಲೆ ಉಳಿದವರು 2,12,000. ಇಂದಿಗೂ ಇಲ್ಲಿಯ ಜನಸಂಖ್ಯೆ ಕ್ಷಾಮದ ಹಿಂದಿನ ಅರ್ಧವನ್ನು ಮುಟ್ಟಿಲ್ಲ. ನಾವು ಬಸ್ಸಿನಿಂದ ಕಂಡ ಕಲ್ಲುಗೋಡೆಗಳ ನಡುವೆ ಅಲ್ಲಲ್ಲಿ ಮಾಡಿಲ್ಲದೆ ನಿಂತಿದ್ದ ಮೋಟು ಮನೆಗಳನ್ನು ಕುರಿದೊಡ್ಡಿಗಳೆಂದು ನಾನು ಭಾವಿಸಿದ್ದೆ.

"ಮಗನೋ ಮಗಳೋ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಇಲ್ಲಿ ಒಂದು ಆಚಾರವಿದ್ದಿತು" ಎಂದರು ಮೇಷ್ಟರು. "ಅದಕ್ಕೆ ಅಮೆರಿಕನ್ ವೇಕ್ ಎನ್ನುತ್ತಿದ್ದರು. ವೇಕ್ ಎಂದರೆ ಸತ್ತವರ ದೇಹದ ಬಳಿ ನೆಂಟರಿಷ್ಟರೆಲ್ಲ ರಾತ್ರಿಯಿಡೀ ಎಚ್ಚರವಾಗಿರುವುದು. ಹೋದವರು ತಿರುಗಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಬದುಕಿರುವಾಗಲೇ ಆ ಜಾಗರಣೆ. ಬೆಳಗಿನವರೆಗೆ ಪಿಟೀಲು, ಕುಣಿತ, ನಗು. ಬೆಳಕು ಹರಿದ ಮೇಲೆ ತಾಯಂದಿರ ಗೋಳು. ಊರ ಹೊರಗಿನ ತಿರುವಿನ ತನಕ ಬಂದು ಬೀಳ್ಕೊಡುತ್ತಿದ್ದರು. ನಮ್ಮ ಅಜ್ಜಿ ತನ್ನ ನಾಲ್ಕು ಜನ ಒಡಹುಟ್ಟಿದವರನ್ನು ಹಾಗೆ ಕಳುಹಿಸಿದವಳು."

ಹೋದವರು ತಮ್ಮೊಡನೆ ಒಯ್ಯಬಹುದಾಗಿದ್ದುದು ತೂಕವಿಲ್ಲದ್ದನ್ನು ಮಾತ್ರ. ಹಾಗೆ ಒಯ್ದವರಲ್ಲಿ ಫ್ರಾನ್ಸಿಸ್ ಓ'ನೀಲ್ ಒಬ್ಬ. ಕಾರ್ಕ್ ಜಿಲ್ಲೆಯಲ್ಲಿ 1848 ರಲ್ಲಿ ಹುಟ್ಟಿ, ಹದಿನಾರರಲ್ಲಿ ಮನೆ ಬಿಟ್ಟು ಹಡಗು ಸೇರಿದ. ಪೆಸಿಫಿಕ್ ಸಾಗರದಲ್ಲಿ ಹಡಗೊಡೆದು, ಬೇರೊಂದು ಹಡಗು ಅವರನ್ನು ಎತ್ತಿಕೊಂಡಾಗ ತಿನ್ನಲು ಅರೆಹೊಟ್ಟೆ. ಅಲ್ಲಿ ದ್ವೀಪದ ನಾವಿಕನೊಬ್ಬನ ಬಳಿ ಒಂದು ಕೊಳಲಿದ್ದಿತು. ಓ'ನೀಲ್ ಅದರಲ್ಲಿ ತನ್ನ ಊರಿನ ಮಟ್ಟುಗಳನ್ನು ನುಡಿಸಿದ. ಮೆಚ್ಚಿದ ನಾವಿಕ ತನ್ನ ಊಟದಲ್ಲಿ ಪಾಲು ಕೊಟ್ಟ. ಮುಂದೆ ಆತ ಷಿಕಾಗೋ ನಗರದ ಪೋಲೀಸು ಸೇರಿ 1901 ರಲ್ಲಿ ಅದರ ಮುಖ್ಯಾಧಿಕಾರಿಯಾದ. ಆತನ ಕಾಲದಲ್ಲಿ ಪಿಟೀಲು, ಕೊಳಲು ಬಲ್ಲ ಐರಿಷರಿಗೆ ಪೋಲೀಸು ಉದ್ಯೋಗ ಸುಲಭವಾಗಿತ್ತೆಂದು ಪ್ರತೀತಿ. ಸ್ವರ ಬರೆಯಲು ಆತನಿಗೆ ಬಾರದು. ತಾನು ನುಡಿಸಿ, ಹಾಡಿ, ಜೇಮ್ಸ್ ಓ'ನೀಲ್ ಎಂಬ ಸಹೋದ್ಯೋಗಿಯಿಂದ ಬರೆಯಿಸಿದ. 1903 ರಲ್ಲಿ 1,850 ಮಟ್ಟುಗಳ ಮಹಾಗ್ರಂಥ ಹೊರಬಂದಿತು. ಕ್ಲೇರಿನ ಹಳ್ಳಿಗರು ಮರೆತ ಮಟ್ಟುಗಳನ್ನು ಅನೇಕ ವೇಳೆ ಆ ಗ್ರಂಥದಿಂದ ಮತ್ತೆ ಕಲಿತರು. ತವರಿನ ಸಂಪತ್ತು ಷಿಕಾಗೋದ ಠಾಣೆಯಲ್ಲಿ ಭದ್ರವಾಗಿದ್ದು ಮರಳಿ ಬಂದ ಕಥೆ ಇದು.

ಇಲ್ಲಿಯೇ ಉಳಿದವರ ಗತಿ ಸುಲಭವಾಗಿರಲಿಲ್ಲ. 1935 ರಲ್ಲಿ ಸಾರ್ವಜನಿಕ ನೃತ್ಯಶಾಲೆಗಳ ಕಾನೂನು ಬಂದಿತು, ಲೈಸೆನ್ಸಿಲ್ಲದೆ ಕುಣಿತವಿಲ್ಲ. ಪಾದ್ರಿಗಳೂ ಪೋಲೀಸರೂ ಅದನ್ನು ಹಿಡಿದು ಹಳ್ಳಿಯ ಅಡುಗೆಮನೆಗಳ ಕುಣಿತವನ್ನೂ ನಿಲ್ಲಿಸತೊಡಗಿದರು. ಆ ಕಾಲದಲ್ಲಿ ಸಂಗೀತವನ್ನು ಊರೂರಿಗೆ ಕೊಂಡೊಯ್ದವರಲ್ಲಿ ಜಾನಿ ಡೋರನ್ ಪ್ರಸಿದ್ಧ: ಕುದುರೆ ಎಳೆಯುವ ಮನೆಬಂಡಿಯಲ್ಲಿ ಸಂಸಾರ ಹೂಡಿ, ಜಾತ್ರೆ ಕುದುರೆಜೂಜುಗಳಲ್ಲಿ ಇಲನ್ ಪೈಪ್ ನುಡಿಸುತ್ತಿದ್ದ ಅಲೆಮಾರಿ. 1947 ರಲ್ಲಿ ಜನಪದ ಆಯೋಗದವರು ಆತನ ವಾದನವನ್ನು ಮುದ್ರಿಸಿಕೊಂಡರು. ಮರುವರ್ಷವೇ ಡಬ್ಲಿನ್ನಿನಲ್ಲಿ ಬಂಡಿಯ ಮೇಲೆ ಗೋಡೆ ಕುಸಿದು ಆತನಿಗೆ ಏಟು ಬಿದ್ದಿತು. 1950 ರಲ್ಲಿ ತೀರಿಕೊಂಡ. ಆತನನ್ನು ಕೇಳಿ ಹುಚ್ಚು ಹತ್ತಿಸಿಕೊಂಡವರಲ್ಲಿ ಕ್ಲೇರಿನ ಬಡಗಿ ವಿಲ್ಲಿ ಕ್ಲಾನ್ಸಿ ಒಬ್ಬರು. ಇದೇ ಡೂಲಿನ್ನಿನ ರೈತ ಮೀಹೋ ರಸಲ್ (1915–1994) ತಗಡಿನ ಕೊಳಲಿನಲ್ಲಿ ನುಡಿಸುತ್ತಿದ್ದುದನ್ನು ಕೇಳಲು ದೂರದೂರದಿಂದ ತರುಣರು ಬಂದರು. ಬಂದವರು ಅವರನ್ನು ತಮ್ಮ ದೇಶಗಳಿಗೂ ಕರೆದೊಯ್ದರು.

ಮೇಜಿನ ಸುತ್ತ ಒಬ್ಬ ಯುವಕ ಎಂಟು ತಂತಿಯ, ಉದ್ದ ಕತ್ತಿನ ವಾದ್ಯವೊಂದನ್ನು ಮೀಟುತ್ತಿದ್ದ. ಅದೂ ಪುರಾತನ ಐರಿಷ್ ವಾದ್ಯವೇ ಎಂದು ಕೇಳಿದೆ. "ಬಜೂಕಿ. ಗ್ರೀಸಿನಿಂದ ಬಂದುದು. ನನಗೆ ಇಪ್ಪತ್ತು ತುಂಬುವ ಹೊತ್ತಿಗೆ ಇಲ್ಲಿ ಯಾರೂ ಅದನ್ನು ಕಂಡಿರಲಿಲ್ಲ" ಎಂದರು ಮೇಷ್ಟರು. 1960 ರ ದಶಕದಲ್ಲಿ ಜಾನಿ ಮಾಯ್ನಿಹನ್ ಅದನ್ನು ಇಲ್ಲಿಯ ಮಟ್ಟುಗಳಿಗೆ ಹೊಂದಿಸಿದರು. ಆಂಡಿ ಇರ್ವಿನ್ 1968 ರಲ್ಲಿ ಬಾಲ್ಕನ್ ದೇಶಗಳಲ್ಲಿ ಅಲೆದು ಅಲ್ಲಿಯ ಕುಂಟುನಡೆಯ ತಾಳಗಳನ್ನು ಹೊತ್ತು ತಂದರು. 1972 ರಲ್ಲಿ ಕಟ್ಟಿದ ಪ್ಲಾಂಕ್ಸ್ಟಿ ತಂಡದಲ್ಲಿ ಇವೆಲ್ಲ ಕೂಡಿದುವು. ಚೀಫ್ಟನ್ಸ್ ಎಂಬ ತಂಡ 1983 ರಲ್ಲಿ ಚೀನಾ ದೇಶದ ಮಹಾಗೋಡೆಯ ಮೇಲೆ ನುಡಿಸಿತು. 1996 ರಲ್ಲಿ ಸ್ಪೇನಿನ ಗಲೀಸಿಯದವರೊಡನೆ ಕೂಡಿ ಅಲ್ಲಿಯ ಯಾತ್ರಾಸ್ಥಳವಾದ ಸಾಂತಿಯಾಗೋದ ಹೆಸರಿನಲ್ಲಿ ಮುದ್ರಿಕೆ ಹೊರಡಿಸಿತು. 1994 ರಲ್ಲಿ ಯೂರೋಪಿನ ಗಾನಸ್ಪರ್ಧೆಯೊಂದರ ಬಿಡುವಿನಲ್ಲಿ ಏಳು ನಿಮಿಷ ತೋರಿಸಿದ 'ರಿವರ್‌ಡಾನ್ಸ್' ನೃತ್ಯಕ್ಕೆ ಬಿಲ್ ವೇಲನ್ ಒದಗಿಸಿದ ಸಂಗೀತದಲ್ಲಿಯೂ ಬಾಲ್ಕನ್ನಿನ ನಡೆ ಬೆರೆತಿದೆ.

ಅಂದಮೇಲೆ ಕೆನಡಾದ ಮೆಕೆನಿಟ್ ಮೊರೊಕ್ಕೊ ತುರ್ಕಿಗಳ ನಾದವನ್ನು ಕೂಡಿಸಿಕೊಂಡರೆ ಅವರೊಬ್ಬರನ್ನೇ ನಕಲಿಯೆನ್ನುವುದು ಹೇಗೆ? ನನಗೆ ತೋರಿದ ಭೇದ ಬೇರೆ. ಮೆಕೆನಿಟ್ಟರ ಸಂಗೀತ ಒಬ್ಬರು ದೂರದ ದಾರಿಯನ್ನು ನೋಡಿಕೊಂಡು ಬಂದು ನಮಗೆ ಹೇಳುವಂಥದು. ಮಂಜಿನ ಹಿಂದಿನ ಕೋಟೆಯಂತೆ ಎಲ್ಲವೂ ಸುಂದರ. ಇಲ್ಲಿಯದು ದಾರಿ ಹಿಡಿದವರನ್ನು ಕಳುಹಿಸಿ ಮನೆಯಲ್ಲಿ ಉಳಿದವರ ಸಂಗೀತ. ಇದರಲ್ಲಿ ಮಂಜು ಕಡಿಮೆ. ಎರಡನ್ನೂ ಕೇಳುವ ಕಿವಿ ಇರುವವರು ಏಕೆ ಒಂದನ್ನು ಬಿಡಬೇಕು?

"ನಿಮ್ಮ ಮಗಳು ಇಲ್ಲಿಗೆ ಹೊರಟ ರಾತ್ರಿ ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?" ಎಂದು ಮೇಷ್ಟರು ಇದ್ದಕ್ಕಿದ್ದಂತೆ ಕೇಳಿದರು. ಅವರ ಮಗ ಬಾಸ್ಟನ್ನಿನಲ್ಲಿ, ಮಗಳು ಸಿಡ್ನಿಯಲ್ಲಿ. ದಿನವೂ ಪರದೆಯ ಮೇಲೆ ಮುಖ ಕಾಣುತ್ತದೆ ಎಂದು ಆಗಲೇ ಹೇಳಿದ್ದರು.

ನಾನು ನೆನಪು ಮಾಡಿಕೊಂಡೆ. ಆ ರಾತ್ರಿ ನಾವು ಪೆಟ್ಟಿಗೆ ತೂಗಿದೆವು. 23 ಕಿಲೋ ಮೀರಬಾರದು. ಚಟ್ನಿಪುಡಿಯ ಡಬ್ಬಿಯನ್ನು ಇಟ್ಟೆವು, ತೆಗೆದೆವು, ಮತ್ತೆ ಇಟ್ಟೆವು. ವಿಮಾನದ ಹೊತ್ತು, ಟ್ಯಾಕ್ಸಿಯ ಹೊತ್ತು ಎಂದು ಲೆಕ್ಕ ಹಾಕಿದೆವು. ಮೂರು ಗಂಟೆಗೆ ಅವರನ್ನು ಕಳುಹಿಸಿ ಬಂದು ಬಾಗಿಲು ಹಾಕಿಕೊಂಡೆವು. ಹಾಡುವುದಿರಲಿ, ಯಾರೂ ಬಾಯಿಬಿಟ್ಟು ಅಳಲೂ ಇಲ್ಲ. ಇದನ್ನು ಹೇಳಿದಾಗ ಮೇಷ್ಟರು ತಲೆದೂಗಿದರು. "ನಾವೂ ಹಾಗೆಯೇ ಮಾಡಿದೆವು" ಎಂದರು.

ಅಷ್ಟರಲ್ಲಿ ಪೈಪ್ ವಾದಕ ಉಳಿದವರಿಗೆ ಕೈಸನ್ನೆ ಮಾಡಿ ತಾನೊಬ್ಬನೇ ಒಂದು ವಿಲಂಬದ ಮಟ್ಟನ್ನು ಎತ್ತಿಕೊಂಡ. ಇದಕ್ಕೆ ತಾಳವಿಲ್ಲ, ನಮ್ಮ ಆಲಾಪದಂತೆ ಉಸಿರೇ ಅಳತೆ. ಮೂಲದಲ್ಲಿ ಐರಿಷ್ ಭಾಷೆಯ ಹಾಡಂತೆ. ವಾದ್ಯದಲ್ಲಿ ಮಾತಿಲ್ಲ, ಮಾತಿನ ಏರಿಳಿತವಿದೆ. ಇಡೀ ಪಾನಗೃಹ ನಿಶ್ಶಬ್ದವಾಯಿತು. ಲೋಟ ತೊಳೆಯುತ್ತಿದ್ದವನು ಕೂಡ ನೀರು ನಿಲ್ಲಿಸಿದ. ಶ್ರುತಿಯ ಮೇಲೆ ಸ್ವರವೊಂದು ಎದ್ದು, ಇನ್ನೇನು ತಲುಪಿತೆನ್ನುವಾಗ ಬಾಗಿ ಕೆಳಗಿಳಿಯಿತು, ಮತ್ತೆ ಎದ್ದಿತು. ನನ್ನ ಹೆಂಡತಿಯ ಕಡೆ ನಾನು ನೋಡಲಿಲ್ಲ. ಆರು ವರ್ಷಗಳ ಹಿಂದಿನ ಆ ರಾತ್ರಿಯ ಅಳು ಡೂಲಿನ್ನಿನ ಒಲೆಯ ಮುಂದೆ ಅವಳಿಗೆ ಬಂದಿತು. ಪಕ್ಕದಲ್ಲಿದ್ದ ಮುದುಕಿ ಏನೂ ಕೇಳದೆ ತನ್ನ ಕೈಯನ್ನು ಅವಳ ಕೈಮೇಲೆ ಇಟ್ಟಳು.

ಮರುದಿನ ದಕ್ಷಿಣಕ್ಕೆ, ಮಿಲ್ಟೌನ್ ಮಾಲ್ಬೇ ಎಂಬ ಊರಿಗೆ ಹೋದೆವು. ಬಡಗಿ ವಿಲ್ಲಿ ಕ್ಲಾನ್ಸಿಯವರ ಊರು ಅದು. ಅವರು 1973 ರ ಜನವರಿಯಲ್ಲಿ ತೀರಿಕೊಂಡರು. ಅದೇ ಬೇಸಿಗೆಯಲ್ಲಿ ಗೆಳೆಯರು ಅವರ ಹೆಸರಿನಲ್ಲಿ ಆರಂಭಿಸಿದ ಸಂಗೀತ ಶಿಬಿರ ಇಂದಿಗೂ ಜುಲೈ ತಿಂಗಳಲ್ಲಿ ನಡೆಯುತ್ತದೆ. ಊರೆಲ್ಲ ಪಾಠಶಾಲೆಯಾಗಿದ್ದಿತು. ಶಾಲೆಯ ಕೊಠಡಿಯಲ್ಲಿ, ಮನೆಗಳ ಹಜಾರದಲ್ಲಿ, ಬೀದಿಯ ಮೂಲೆಯಲ್ಲಿ ಅಭ್ಯಾಸ ನಡೆದಿತ್ತು. ಜಪಾನಿನವರು, ಜರ್ಮನರು, ಅಮೆರಿಕದ ಮೊಮ್ಮಕ್ಕಳು.

ಒಂದು ಮನೆಯ ಕಲ್ಲುಮೆಟ್ಟಿಲ ಮೇಲೆ ಒಂಬತ್ತು ಹತ್ತು ವರ್ಷದ ಹುಡುಗಿಯೊಬ್ಬಳು ತಗಡಿನ ಕೊಳಲಿನಲ್ಲಿ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ನಾವು ದಾಟಿ ಹೋಗುತ್ತಿದ್ದೆವು. ನನ್ನ ಹೆಂಡತಿ ಗಕ್ಕನೆ ನಿಂತಳು. "ರೀ, ಇದು 'ವಂದೇ ಮೀನಾಕ್ಷಿ' ಅಲ್ಲವೇ?"

ನನಗೆ ನಗು ಬಂದಿತು. ಅವಳು ನಗಲಿಲ್ಲ. ಮೆಟ್ಟಿಲ ಬಳಿ ಹೋಗಿ ಮೆಲ್ಲಗೆ ಸಾಹಿತ್ಯವನ್ನು ಹಾಡತೊಡಗಿದಳು. ಒಂದೊಂದು ಅಕ್ಷರವೂ ಹುಡುಗಿಯ ಕೊಳಲಿನ ಒಂದೊಂದು ಸ್ವರದ ಮೇಲೆ ಅಳತೆ ತೆಗೆದಂತೆ ಕುಳಿತಿತು. ಹುಡುಗಿ ಕಣ್ಣರಳಿಸಿದಳು, ಆದರೆ ನಿಲ್ಲಿಸಲಿಲ್ಲ. ಒಳಗಿನಿಂದ ಅವಳ ತಾಯಿ ಹೊರಗೆ ಬಂದರು.

ಸಂಗೀತ ಬಲ್ಲ ಓದುಗರಿಗೆ ಗುಟ್ಟು ಆಗಲೇ ತಿಳಿದಿರಬಹುದು. ಮುತ್ತುಸ್ವಾಮಿ ದೀಕ್ಷಿತರು (1775–1835) ಯೌವನದಲ್ಲಿ ಮದರಾಸಿನ ಸಮೀಪದ ಮಣಲಿಯಲ್ಲಿದ್ದರು. ಅಲ್ಲಿಯ ಜಮೀನುದಾರರ ಜೊತೆಯಲ್ಲಿ ಸೇಂಟ್ ಜಾರ್ಜ್ ಕೋಟೆಗೆ ಹೋಗಿ ಕಂಪನಿಯ ಸೈನ್ಯದ ಬ್ಯಾಂಡನ್ನು ಕೇಳುವ ಅವಕಾಶ ಅವರಿಗೂ ಅವರ ತಮ್ಮಂದಿರಿಗೂ ದೊರೆಯಿತು. ಕಂಪನಿಯ ಬಿಳಿಯ ಸಿಪಾಯಿಗಳಲ್ಲಿ ಐರಿಷರು ಬಹಳ ಮಂದಿ. ಊರಿನಲ್ಲಿ ಅನ್ನವಿಲ್ಲದೆ ಬಂದೂಕು ಹಿಡಿದವರು. ಆ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ಬರೆದರು. ಅವೇ ನೊಟ್ಟುಸ್ವರ ಸಾಹಿತ್ಯಗಳು. ಸುಮಾರು 40 ಇವೆ, ಎಲ್ಲವೂ ಶಂಕರಾಭರಣದಲ್ಲಿ, ಗಮಕವಿಲ್ಲದೆ. ತಮ್ಮ ಬಾಲುಸ್ವಾಮಿಯವರು ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದವರೆಂದು ಖ್ಯಾತರು. 'ವಂದೇ ಮೀನಾಕ್ಷಿ'ಯ ಮೂಲ 'ರೇಕ್ಸ್ ಆಫ್ ಮ್ಯಾಲೋ' ಎಂಬ ಐರಿಷ್ ಮಟ್ಟು. ಮ್ಯಾಲೋ ಕಾರ್ಕ್ ಜಿಲ್ಲೆಯ ಒಂದು ಪಟ್ಟಣ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಔಷಧೀಯ ಬುಗ್ಗೆಯ ನೆಪದಲ್ಲಿ ನೆರೆದು, ಕುಡಿದು ಕುಣಿದು ಪುಂಡಾಟ ಮಾಡುತ್ತಿದ್ದ ಶ್ರೀಮಂತ ತರುಣರ ಮೇಲಿನ ಹಾಡು ಅದು. ಆ ಪುಂಡರ ಮಟ್ಟು ಕಡಲು ದಾಟಿ, ಕೋಟೆಯ ಬ್ಯಾಂಡಿನಿಂದ ದೀಕ್ಷಿತರ ಕಿವಿಗೆ ಬಿದ್ದು, ಮೀನಾಕ್ಷಿಯ ಪಾದ ಸೇರಿತು. ಅಲ್ಲಿಂದ ಪಾಠವಾಗಿ ಹರಿದು, ಮೈಸೂರಿನ ಒಂಟಿಕೊಪ್ಪಲಿನ ಒಂದು ಮನೆಯ ಜಗುಲಿಯ ಮೇಲೆ ಒಂಬತ್ತು ವರ್ಷದ ಹುಡುಗಿಯಾಗಿದ್ದ ನನ್ನ ಹೆಂಡತಿಗೆ ಬಂದಿತು.

ಇದನ್ನೆಲ್ಲ ವಿವರಿಸಿದಾಗ ಆ ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ಹುಡುಗಿಗೆ ಇತಿಹಾಸದಲ್ಲಿ ಆಸಕ್ತಿಯಿರಲಿಲ್ಲ. "ಇನ್ನೊಮ್ಮೆ ಹಾಡಿ" ಎಂದಳು. ಎರಡನೆಯ ಸಲ ನನ್ನ ಹೆಂಡತಿ ಅಭ್ಯಾಸಬಲದಿಂದ ಗಾಂಧಾರವನ್ನು ತುಸು ಅಲುಗಿಸಿದಳು. ಹುಡುಗಿ ತಕ್ಷಣ ಕೊಳಲು ಕೆಳಗಿಟ್ಟು, "ಅಲ್ಲಿ ನೀವು ಏನೋ ತಿರುಗಿಸಿದಿರಿ" ಎಂದಳು. "ನಮ್ಮ ಟೀಚರು ಅಲ್ಲಿ ಹೀಗೆ ಮಾಡುತ್ತಾರೆ" ಎಂದು ಬೆರಳು ಚಿಮ್ಮಿ ತಮ್ಮ ಕಡೆಯ ಸುಳಿಯನ್ನು ತೋರಿಸಿದಳು. ಅರ್ಧ ಗಂಟೆ ಅವರಿಬ್ಬರ ಪಾಠ ನಡೆಯಿತು. ಗುರು ಯಾರು, ಶಿಷ್ಯೆ ಯಾರು ಎಂದು ಹೇಳುವುದು ನನ್ನಿಂದ ಆಗಲಿಲ್ಲ. ನಮ್ಮ ಬಸ್ಸು ತಪ್ಪಿತು.

ಡಬ್ಲಿನ್ನಿಗೆ ಮರಳಿದ ಮೇಲೆ ಅಳಿಯ ತೀರ್ಪು ಕೇಳಿದ. ಮೆಕೆನಿಟ್ಟರ ಹಾಡನ್ನು ಇನ್ನೊಮ್ಮೆ ಹಾಕು ಎಂದೆ. ಅವನಿಗೆ ಸ್ವಲ್ಪ ನಿರಾಶೆಯಾಯಿತೆಂದು ಕಾಣುತ್ತದೆ.

ನಾವು ಹೊರಡುವ ಹಿಂದಿನ ರಾತ್ರಿ ಮಗಳು ತಕ್ಕಡಿ ತಂದು ಪೆಟ್ಟಿಗೆ ತೂಗಲು ಕುಳಿತಳು. "ಅದು ಆಮೇಲೆ" ಎಂದು ನನ್ನ ಹೆಂಡತಿ ಅವಳನ್ನು ಕೈಹಿಡಿದು ಎಬ್ಬಿಸಿ, ಹಜಾರಕ್ಕೆ ಕರೆದುಕೊಂಡು ಬಂದಳು. ಮೊಮ್ಮಗಳಿಗೆ ಮಿಲ್ಟೌನ್ ಮಾಲ್ಬೇಯಿಂದ ತಂದಿದ್ದ ತಗಡಿನ ಕೊಳಲಿನಲ್ಲಿ ಎರಡು ಸಾಲು ಬರುತ್ತಿದ್ದಿತು. ಮೂರನೆಯದರಲ್ಲಿ ಉಸಿರು ನಿಲ್ಲುತ್ತಿರಲಿಲ್ಲ. ಅಜ್ಜಿ ಹಾಡಿದಳು. ನಾಲ್ಕು ವರ್ಷದ ಹುಡುಗಿ ಅಲ್ಲಲ್ಲಿ ಊದಿದಳು. ಅಳಿಯ ಮೇಜಿನ ಮೇಲೆ ತಾಳ ಹಾಕಿದ, ತಪ್ಪಾಗಿ. ಮಗಳು ಮೊದಲು ನಕ್ಕಳು. ಆಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಪೆಟ್ಟಿಗೆ ತೂಗುವಾಗ ಹನ್ನೆರಡು ದಾಟಿತ್ತು. 23 ಕಿಲೋ ಮೀರಿರಲಿಲ್ಲ.